ಕುದುರೆಯೇರುವ ಮಕ್ಕಳ ಉಡುಗೆ ಮತ್ತು ರಕ್ಷೆ

ವಿಜಯನಗರದ ಅರಸರ ಕಾಲದಲ್ಲಿ ನಮ್ಮ ಕರಾವಳಿಯ ಭಟ್ಕಳ, ಹೊನ್ನಾವರಗಳ ಬಂದರುಗಳಲ್ಲಿ ಅರಬ್ಬೀ ಕುದುರೆಗಳು ಹಡಗಿನಿಂದಿಳಿದು, ಘಟ್ಟವನ್ನೇರಿ ರಾಜಧಾನಿಯ ಲಾಯಗಳನ್ನು ಸೇರುತ್ತಿದ್ದವೆಂಬುದು ಇತಿಹಾಸಪ್ರಸಿದ್ಧವಾದ ಸಂಗತಿ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲೆ ಆ ವ್ಯಾಪಾರದ ಸೂತ್ರವು ಬಹುಮಟ್ಟಿಗೆ ಅವರ ಕೈಸೇರಿತು. ಇಂದು ಕಾಳೀ ನದಿಯ ದಂಡೆಯ ಕದ್ವಾಡದಲ್ಲಿ ಖುರಪುಟದ ಸದ್ದು ಕೇಳುವುದೇ ಅಪರೂಪ. ಮದುವೆಯ ಮೆರವಣಿಗೆಗೆಂದು ಹೊರಗಿನಿಂದ ತರಿಸಿದ ಒಂದು ಬಿಳಿಯ ಕುದುರೆ ಬಂದಿತೆಂದರೆ ಕೇರಿಯ ಮಕ್ಕಳೆಲ್ಲ ಅದರ ಹಿಂದೆಯೇ ನಡೆಯುತ್ತಾರೆ.

ಕುದುರೆಯೇ ಅಪರೂಪವಾದ ಊರಿನಿಂದ ಕುದುರೆ ಸವಾರಿಯ ಉಡುಪಿನ ಮಾತೇಕೆ ಎಂದು ಓದುಗ ಬಂಧುಗಳು ಕೇಳಬಹುದು. ಕಾರಣವಿದೆ. ಕಾರವಾರ, ಅಂಕೋಲೆಗಳ ಮನೆಗಳಿಂದ ಉದ್ಯೋಗ ನಿಮಿತ್ತವಾಗಿ ಬೆಂಗಳೂರು, ಮೈಸೂರು, ಪುಣೆಗಳಿಗೆ ಹೋಗಿ ನೆಲೆಸಿದವರ ಮಕ್ಕಳು ಈಗ ಶಾಲೆಯ ಮೂಲಕವೋ, ಎನ್.ಸಿ.ಸಿ.ಯ ಅಶ್ವದಳದ ಮೂಲಕವೋ, ಖಾಸಗಿ ತರಬೇತಿ ಶಾಲೆಗಳಲ್ಲಿಯೋ ಸವಾರಿಯನ್ನು ಕಲಿಯುತ್ತಿದ್ದಾರೆ. ಕಲಿತ ಮೇಲೆ ಸ್ಪರ್ಧೆ. ಸ್ಪರ್ಧೆಯೆಂದ ಮೇಲೆ ಉಡುಪಿನ ಪಟ್ಟಿ. ಆ ಪಟ್ಟಿಯನ್ನು ಹಿಡಿದು, ‘ಇದರಲ್ಲಿ ಯಾವುದು ಬೇಕು, ಯಾವುದು ಬೇಡ, ಯಾವುದನ್ನು ಇಲ್ಲಿಯೇ ಹೊಲಿಸಬಹುದು?’ ಎಂದು ಅಜ್ಜ ಅಜ್ಜಿಯರು ನನ್ನಂಥ ಹಳಬನನ್ನು ಕೇಳುವುದುಂಟು. ಸಂಸ್ಕೃತ ವ್ಯಾಕರಣ ಓದಿದವನಿಗೆ ಇದರ ಗೊಡವೆ ಏನೆಂದು ನಗಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯೇರಿ ಚೆಂಡಾಡುವ ವಾಜಿವಾಹ್ಯಾಳಿ ವಿನೋದಕ್ಕೆ ಒಂದು ಪ್ರಕರಣವೇ ಇದೆ. ಅಭಿನವಚಂದ್ರನು ಕನ್ನಡದಲ್ಲಿ ಅಶ್ವವೈದ್ಯವನ್ನೇ ಬರೆದನು. ಹಲ್ಲಣ, ಅಂಕವಣಿ, ಕಡಿವಾಣ, ವಾಘೆ, ರಾವುತ ಎಂಬ ನಮ್ಮ ಶಬ್ದಗಳೇ ಈ ವಿದ್ಯೆ ಹೊರಗಿನಿಂದ ಮೊನ್ನೆ ಬಂದುದಲ್ಲವೆಂದು ಹೇಳುತ್ತವೆ. ಹೊಸದಾಗಿರುವುದು ಸ್ಪರ್ಧೆಯ ನಿಯಮ ಮತ್ತು ರಕ್ಷಣೆಯ ವಿಜ್ಞಾನ.

ಈ ಪಟ್ಟಿಗಳನ್ನು ನೋಡಿ ನೋಡಿ ನನಗೆ ಹೊಳೆದುದನ್ನು ಮೊದಲೇ ಹೇಳಿಬಿಡುತ್ತೇನೆ. ಸವಾರನು ಮೈಮೇಲೆ ಧರಿಸುವ ವಸ್ತುಗಳಲ್ಲಿ ಎರಡು ಜಾತಿ. ತೀರ್ಪುಗಾರನ ಕಣ್ಣಿಗಾಗಿ ಇರುವವು ಕೆಲವು. ಬಿದ್ದ ಕ್ಷಣದಲ್ಲಿ ಪ್ರಾಣವನ್ನು ಕಾಯುವುದಕ್ಕಾಗಿ ಇರುವವು ಕೆಲವು. ಕೋಟು, ಟೈ, ಹೊಳೆಯುವ ಗುಂಡಿ, ಬಿಳಿಯ ಕಾಲುಡುಗೆ ಇವು ಮೊದಲನೆಯ ಜಾತಿ. ಶಿರಸ್ತ್ರಾಣ, ಹಿಮ್ಮಡಿಯುಳ್ಳ ಬೂಟು, ಎದೆಕವಚ ಇವು ಎರಡನೆಯವು. ನಮ್ಮ ಮನೆಗಳಲ್ಲಿ ದುಡ್ಡು ಹರಿಯುವುದು ಸಾಮಾನ್ಯವಾಗಿ ಮೊದಲನೆಯದರ ಕಡೆಗೆ, ಏಕೆಂದರೆ ಛಾಯಾಚಿತ್ರದಲ್ಲಿ ಕಾಣುವುದು ಅದೇ. ಕೋಟನ್ನು ಬೇಕಾದರೆ ಎರವಲು ತರಬಹುದು. ಶಿರಸ್ತ್ರಾಣವನ್ನು ತರಲಾಗದು. ಏಕೆ ತರಲಾಗದೆಂಬುದನ್ನು ಮುಂದೆ ವಿವರಿಸುತ್ತೇನೆ.

ಸ್ಪರ್ಧೆಯ ಉಡುಗೆ ಒಂದೇ ಬಗೆಯದಲ್ಲವೆಂಬುದನ್ನು ತಿಳಿಯಲು ನಮ್ಮ ನಾಡಿನ ಫವಾದ್ ಮಿರ್ಜಾ ಅವರ ಉದಾಹರಣೆಯೇ ಸಾಕು. 1992ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಇವರು ಪಶುವೈದ್ಯರ ಮಗ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಈವೆಂಟಿಂಗ್ ಎಂಬ ಸ್ಪರ್ಧೆಯಲ್ಲಿ ವೈಯಕ್ತಿಕ ಬೆಳ್ಳಿ, ತಂಡದೊಡನೆ ಮತ್ತೊಂದು ಬೆಳ್ಳಿ ಗಳಿಸಿದರು. 1982ರ ದಿಲ್ಲಿ ಕ್ರೀಡಾಕೂಟದ ನಂತರ ಭಾರತೀಯನೊಬ್ಬನಿಗೆ ಅಶ್ವಾರೋಹಣದಲ್ಲಿ ದೊರೆತ ಮೊದಲ ವೈಯಕ್ತಿಕ ಏಷ್ಯನ್ ಪದಕ ಅದು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ‘ಸೇನ್ಯೋರ್ ಮೆಡಿಕಾಟ್’ ಎಂಬ ಕುದುರೆಯನ್ನೇರಿ ಅಂತಿಮ ಸುತ್ತನ್ನು ಮುಟ್ಟಿ 23ನೆಯ ಸ್ಥಾನ ಪಡೆದರು. ಬೆಂಗಳೂರಿನ ಉತ್ತರಕ್ಕೆ 1996ರಲ್ಲಿ ಆರಂಭವಾದ ಎಂಬೆಸಿ ಅಂತಾರಾಷ್ಟ್ರೀಯ ಸವಾರಿ ಶಾಲೆಯ ಬೆಂಬಲ ಅವರಿಗಿತ್ತು.

ಈವೆಂಟಿಂಗ್ ಎಂದರೆ ಮೂರು ಪರೀಕ್ಷೆಗಳ ಸಮುಚ್ಚಯ. ಮೊದಲನೆಯದು ಡ್ರೆಸಾಜ್: ಸಮತಟ್ಟಾದ ಅಂಕಣದಲ್ಲಿ ಕುದುರೆಯ ನಡೆ, ತಿರುವು, ವಿನಯಗಳನ್ನು ತೀರ್ಪುಗಾರರು ಕುಳಿತು ನೋಡುತ್ತಾರೆ. ಇಲ್ಲಿ ಉಡುಪು ಗಂಭೀರ. ಕಪ್ಪು ಅಥವಾ ಕಡುನೀಲಿಯ ಕೋಟು, ಬಿಳಿಯ ಇಲ್ಲವೆ ಕೆನೆಬಣ್ಣದ ಕಾಲುಡುಗೆ, ಕೊರಳಿಗೆ ಬಿಳಿಯ ಪಟ್ಟಿ, ಕೈಗವಸು. ಎರಡನೆಯದು ಕ್ರಾಸ್ ಕಂಟ್ರಿ: ಬಯಲಿನಲ್ಲಿ ನಾಗಾಲೋಟದಲ್ಲಿ ಓಡುತ್ತ ಮರದ ದಿಮ್ಮಿ, ಹಳ್ಳ, ನೀರಿನ ಹೊಂಡಗಳನ್ನು ದಾಟುವುದು. ಅಲ್ಲಿ ಕೋಟಿಲ್ಲ, ಅದರ ಸ್ಥಾನದಲ್ಲಿ ಎದೆಕವಚ. ಅಡೆತಡೆಗಳು ಕಂಬದಂತೆ ಉರುಳಿಬೀಳುವ ಜಾತಿಯವಲ್ಲವಾದ್ದರಿಂದ ಎಲ್ಲಕ್ಕಿಂತ ಅಪಾಯದ ಘಟ್ಟ ಇದೇ. ಮೂರನೆಯದು ಷೋ ಜಂಪಿಂಗ್. ಬಣ್ಣದ ಕಂಬಗಳನ್ನು ಹಾರುವುದು. ಅಲ್ಲಿ ಮತ್ತೆ ಕೋಟು. ಒಬ್ಬನೇ ಸವಾರ, ಒಂದೇ ಕುದುರೆ, ಮೂರು ವೇಷ. ಮೂರರಲ್ಲಿಯೂ ಬದಲಾಗದೆ ಉಳಿಯುವುದು ತಲೆಯ ರಕ್ಷೆಯೊಂದೇ.

ಆದರೆ ಅದೂ ಮೊದಲಿನಿಂದ ಹಾಗಿರಲಿಲ್ಲ. ಡ್ರೆಸಾಜಿನ ಉನ್ನತ ಸ್ಪರ್ಧೆಗಳಲ್ಲಿ ಬಹುಕಾಲ ಎತ್ತರದ ರೇಷ್ಮೆ ಟೊಪ್ಪಿಗೆಯೇ ಗೌರವದ ಗುರುತಾಗಿತ್ತು. ಸಮತಟ್ಟು ನೆಲದಲ್ಲಿ, ತಿದ್ದಿದ ಕುದುರೆಯ ಮೇಲೆ ಬೀಳುವುದೆಲ್ಲಿ ಬಂತು ಎಂಬ ಭಾವನೆ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಮೆರಿಕೆಯ ಪರವಾಗಿ ಸ್ಪರ್ಧಿಸಿದ್ದ ಕೋರ್ಟ್ನಿ ಕಿಂಗ್-ಡೈ ಎಂಬ ಪಳಗಿದ ಸವಾರಿಣಿ 2010ರ ಮಾರ್ಚಿನಲ್ಲಿ ದಿನನಿತ್ಯದ ತರಬೇತಿಯ ವೇಳೆ, ಕುದುರೆ ಎಡವಿದಾಗ ಬಿದ್ದರು. ತಲೆಯ ಮೇಲೆ ರಕ್ಷೆಯಿರಲಿಲ್ಲ. ತಲೆಬುರುಡೆ ಬಿರಿದು ವಾರಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ ಅವರು ನಡೆಯುವುದನ್ನೂ ಮಾತನಾಡುವುದನ್ನೂ ಮರಳಿ ಕಲಿಯಬೇಕಾಯಿತು. ಆ ದುರಂತವು ಸವಾರಿ ಲೋಕದ ಕಣ್ಣು ತೆರೆಸಿತು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಬ್ರಿಟನ್ನಿನ ಷಾರ್ಲಟ್ ಡುಜಾರ್ಡಿನ್ ರೇಷ್ಮೆ ಟೊಪ್ಪಿಗೆಯನ್ನು ಬಿಟ್ಟು ಶಿರಸ್ತ್ರಾಣ ಧರಿಸಿಯೇ ಚಿನ್ನ ಗೆದ್ದರು. ಕೊನೆಗೆ 2021ರ ಜನವರಿಯಿಂದ ಅಂತಾರಾಷ್ಟ್ರೀಯ ಅಶ್ವಾರೋಹಣ ಒಕ್ಕೂಟವು ತನ್ನ ಸ್ಪರ್ಧೆಗಳಲ್ಲಿ ಡ್ರೆಸಾಜಿಗೂ ಶಿರಸ್ತ್ರಾಣವನ್ನು ಕಡ್ಡಾಯ ಮಾಡಿತು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರವಾಲ ಇವರ ತಂಡವು ಡ್ರೆಸಾಜಿನಲ್ಲಿ ಭಾರತಕ್ಕೆ ಚಿನ್ನ ತಂದಾಗ ಯಾರ ತಲೆಯ ಮೇಲೂ ರೇಷ್ಮೆ ಟೊಪ್ಪಿಗೆ ಇರುವ ಪ್ರಶ್ನೆಯೇ ಇರಲಿಲ್ಲ. ಪದಕಕ್ಕೆ ಅದರಿಂದ ಕಳೆಯೇನೂ ಕುಂದಲಿಲ್ಲವಷ್ಟೆ.

ಈಗ ಶಿರಸ್ತ್ರಾಣವನ್ನು ಆರಿಸುವ ಬಗೆ. ಹೊರಗಿನ ಗಟ್ಟಿ ಚಿಪ್ಪು ನೋಟಕ್ಕೆ ದೊಡ್ಡದಾದರೂ ನಿಜವಾದ ಕೆಲಸ ಮಾಡುವುದು ಒಳಗಿನ ಬಿರುಸಾದ ಬಿಳಿಯ ಫೋಮು. ಪೆಟ್ಟು ಬಿದ್ದಾಗ ಅದು ತಾನು ಅಮುಕಿ ಜಜ್ಜಿಹೋಗಿ, ಮಿದುಳಿಗೆ ತಾಗಬೇಕಾದ ಆಘಾತವನ್ನು ತಾನು ನುಂಗುತ್ತದೆ. ಒಮ್ಮೆ ಜಜ್ಜಿದ ಫೋಮು ಮತ್ತೆ ಉಬ್ಬುವುದಿಲ್ಲ. ಹೊರಗಿನಿಂದ ಗೀರೂ ಕಾಣದಿರಬಹುದು. ಆದ್ದರಿಂದಲೇ ತಲೆಗೆ ಪೆಟ್ಟಾಗುವಂತೆ ಬಿದ್ದ ಮೇಲೆ ಆ ಶಿರಸ್ತ್ರಾಣದ ಆಯುಷ್ಯ ಮುಗಿಯಿತೆಂದು ತಿಳಿಯಬೇಕು. ಎರವಲು ತಂದುದು, ಹಳೆಯದೆಂದು ಕಡಿಮೆ ಬೆಲೆಗೆ ಕೊಂಡುದು, ಅಣ್ಣನದು ತಮ್ಮನಿಗೆ ಬಂದುದು ಇವುಗಳ ಚರಿತ್ರೆ ನಮಗೆ ತಿಳಿಯದು. ಎಷ್ಟು ಸಲ ನೆಲ ಕಂಡಿದೆಯೋ ಬಲ್ಲವರಾರು? ಬೀಳದಿದ್ದರೂ ಬೆವರು, ಬಿಸಿಲುಗಳಿಂದ ಫೋಮು ಸವೆಯುತ್ತದೆ. ಸುಮಾರು 5 ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ಸಾಮಾನ್ಯವಾದ ಸಲಹೆ.

ಅಂಗಡಿಯಲ್ಲಿ ಮಖಮಲ್ಲು ಹೊದಿಸಿದ ಚೆಂದದ ಟೊಪ್ಪಿಗೆಯೊಂದನ್ನು ತೋರಿಸಿ, ‘ಇದೇ ಸವಾರಿಯ ಹೆಲ್ಮೆಟ್ಟು’ ಎಂದಾರು. ಒಳಗೆ ಅಂಟಿಸಿದ ಚೀಟಿಯನ್ನು ಓದದೆ ಕೊಳ್ಳಬಾರದು. ಯುರೋಪಿನ ಇ.ಎನ್. 1384, ಬ್ರಿಟನ್ನಿನ ಪಿ.ಎ.ಎಸ್. 015, ಅಮೆರಿಕೆಯ ಎ.ಎಸ್.ಟಿ.ಎಂ. ಎಫ್ 1163 ಇಂಥ ಮಾನಕಗಳ ಗುರುತು ಅಲ್ಲಿರಬೇಕು. ಮಾನಕಗಳು ಕಾಲಕಾಲಕ್ಕೆ ಪರಿಷ್ಕೃತವಾಗುತ್ತವೆ. ಆದುದರಿಂದ ಆ ವರ್ಷದ ಸ್ಪರ್ಧೆ ಯಾವುದನ್ನು ಒಪ್ಪುತ್ತದೆಂದು ಸಂಘಟಕರಿಂದ ಬರಹದಲ್ಲಿಯೇ ಕೇಳಿ ತಿಳಿಯುವುದು ಲೇಸು. ಮನೆಯಲ್ಲಿ ಮೋಟಾರು ಸೈಕಲ್ಲಿನದು ಇದೆಯಲ್ಲ, ಐ.ಎಸ್.ಐ. ಮುದ್ರೆಯೂ ಇದೆಯಲ್ಲ ಎನ್ನುವವರಿದ್ದಾರೆ. ಅದು ರಸ್ತೆಯ ಅಪಘಾತಕ್ಕಾಗಿ ಪರೀಕ್ಷಿಸಿದ್ದು. ಭಾರ ಹೆಚ್ಚು, ಕಿವಿ ಮುಚ್ಚುತ್ತದೆ, ಮಗುವಿನ ಕುತ್ತಿಗೆಗೆ ಹೊರೆ. ಬೈಸಿಕಲ್ಲಿನದು ಹಗುರವೇನೋ ಸರಿ, ಆದರೆ ತಲೆಯ ಹಿಂಭಾಗವನ್ನು ಅಷ್ಟು ಇಳಿದು ಕಾಯುವುದಿಲ್ಲ. ಕುದುರೆಯ ಗೊರಸಿನ ಪೆಟ್ಟನ್ನು ಎಣಿಸಿ ಮಾಡಿದ್ದೂ ಅಲ್ಲ. ಕ್ರಿಕೆಟ್ಟಿನದು ಚೆಂಡಿಗಾಗಿ. ಒಂದೊಂದು ಕಾಯಕಕ್ಕೂ ಒಂದೊಂದು ಉಪಕರಣ.

ಅಳತೆಯ ವಿಷಯದಲ್ಲಿ ನಮ್ಮವರು ಮಾಡುವ ತಪ್ಪೆಂದರೆ ‘ಬೆಳೆಯುವ ಮಗು, ಒಂದು ಸುತ್ತು ದೊಡ್ಡದೇ ಇರಲಿ’ ಎನ್ನುವುದು. ಅಂಗಿಗೆ, ಶಾಲೆಯ ಸಮವಸ್ತ್ರಕ್ಕೆ ಈ ನ್ಯಾಯ ಒಪ್ಪುತ್ತದೆ. ಶಿರಸ್ತ್ರಾಣಕ್ಕೆ ಒಪ್ಪದು. ಸಡಿಲವಾದುದು ಬೀಳುವಾಗ ಹಿಂದಕ್ಕೆ ಜಾರಿ ಹಣೆಯನ್ನು ಬಯಲು ಮಾಡುತ್ತದೆ. ಹುಬ್ಬಿನಿಂದ ಒಂದು ಅಂಗುಲ ಮೇಲೆ ದಾರ ಹಿಡಿದು ತಲೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆಯಬೇಕು. ತೊಟ್ಟ ಮೇಲೆ ಅಂಚು ನೆಲಕ್ಕೆ ಸಮನಾಗಿ, ಹುಬ್ಬಿನ ಮೇಲೆ ಸುಮಾರು ಎರಡು ಬೆರಳಿನ ಅಂತರದಲ್ಲಿ ನಿಲ್ಲಬೇಕು. ಗದ್ದದ ಪಟ್ಟಿಯನ್ನು ಕಟ್ಟದೆಯೇ ತಲೆ ಬಗ್ಗಿಸಿ ಅಲ್ಲಾಡಿಸಿದರೆ ಅದು ಜಾರಬಾರದು. ಕೈಯಿಂದ ಹಿಂದೆ ಮುಂದೆ ಮೆಲ್ಲನೆ ಸರಿಸಿದರೆ ಹಣೆಯ ಚರ್ಮವೂ ಅದರೊಡನೆ ಸರಿಯಬೇಕು. ಎಲ್ಲ ಕಡೆಯೂ ಸಮನಾಗಿ ಬಿಗಿ, ಎಲ್ಲಿಯೂ ಒತ್ತು ನೋವಿಲ್ಲ, ಇದೇ ಸರಿಯಾದ ಅಳತೆ. ಪಟ್ಟಿ ಕಟ್ಟಿದ ಮೇಲೆ ಗದ್ದದಡಿ ಒಂದು ಬೆರಳು ತೂರಬೇಕು, ಎರಡಲ್ಲ. ಕಟ್ಟದೆ ಬಿಟ್ಟ ಪಟ್ಟಿ ಇದ್ದೂ ಇಲ್ಲದಂತೆ.

ನೀಳವಾದ ಕೂದಲುಳ್ಳ ಹೆಣ್ಣುಮಕ್ಕಳ ತಾಯಂದಿರು ಇನ್ನೊಂದು ಮಾತನ್ನು ಗಮನಿಸಬೇಕು. ನೆತ್ತಿಯ ಮೇಲೆ ತುರುಬು ಕಟ್ಟಿದರೆ ಶಿರಸ್ತ್ರಾಣ ಕೂರುವುದೇ ಇಲ್ಲ. ಕುತ್ತಿಗೆಯ ಬುಡದಲ್ಲಿ ಜಡೆಯನ್ನು ಮಡಿಸಿ ಜಾಲರಿ ಹಾಕಬೇಕು. ಸ್ಪರ್ಧೆಯ ದಿನ ಹೇಗೆ ಕಟ್ಟುವರೋ ಹಾಗೆಯೇ ಕಟ್ಟಿಕೊಂಡು ಅಂಗಡಿಗೆ ಹೋಗಿ ಅಳತೆ ನೋಡಬೇಕು. ಮುಡಿದ ಹೂವು, ಲೋಹದ ಪಿನ್ನು ಒಳಗಿರಬಾರದು. ಪಿನ್ನು ಬಿದ್ದಾಗ ನೆತ್ತಿಗೆ ಇರಿಯುವುದನ್ನು ಊಹಿಸಿದರೆ ಸಾಕು.

ಮೈಸೂರು ದಸರೆಯ ಅಶ್ವಾರೋಹಿ ಪೊಲೀಸರು ಪೇಟ ಕಟ್ಟಿ ಮೆರವಣಿಗೆಯಲ್ಲಿ ಸಾಗುವುದನ್ನು, ಮದುಮಗ ಬಾಸಿಂಗ ಕಟ್ಟಿ ಕುದುರೆಯೇರುವುದನ್ನು ಕಂಡ ಮಕ್ಕಳು ‘ಅವರಿಗೇಕಿಲ್ಲ?’ ಎನ್ನುತ್ತಾರೆ. ಉತ್ಸವದ ನಡಿಗೆ ಬೇರೆ, ಸ್ಪರ್ಧೆಯ ನೆಗೆತ ಬೇರೆ ಎಂದು ಅವರಿಗೆ ಹೇಳಬೇಕು. ಮದುವೆಯ ಕುದುರೆಯ ಮೇಲೆ ಮದುಮಗನ ಮುಂದೆ ಎಳೆಯ ಕೂಸನ್ನು ಕೂರಿಸಿ ಪಟಾಕಿ ಹಾರಿಸುವ ನಮ್ಮ ಪದ್ಧತಿಯ ಬಗ್ಗೆ ನಾನು ಹೇಳಹೊರಟರೆ ಲೇಖನ ದಾರಿ ತಪ್ಪೀತು; ಅದು ನಿಲ್ಲುವುದು ಒಳಿತೆಂದಷ್ಟೇ ಹೇಳಿ ಮುಂದುವರಿಯುತ್ತೇನೆ.

ತಲೆಯ ಅನಂತರ ಕಾಲು. ಸವಾರ ಬಿದ್ದರೆ ಪೆಟ್ಟು. ಬಿದ್ದು ಕಾಲು ಅಂಕವಣಿಯಲ್ಲಿ ಸಿಕ್ಕಿಕೊಂಡರೆ, ಬೆದರಿದ ಕುದುರೆ ಎಳೆದೊಯ್ಯುತ್ತದೆ. ಅದಕ್ಕಿಂತ ಘೋರವಾದುದಿಲ್ಲ. ಬೂಟಿಗೆ ಹಿಮ್ಮಡಿ ಇರುವುದು ಇದಕ್ಕಾಗಿ. ಸುಮಾರು ಒಂದು ಅಂಗುಲದ ಹಿಮ್ಮಡಿ ಪಾದವನ್ನು ಅಂಕವಣಿಯೊಳಗೆ ಪೂರ್ತಿ ನುಗ್ಗಗೊಡುವುದಿಲ್ಲ. ಅಟ್ಟೆ ನುಣುಪಾಗಿರಬೇಕು, ಜಾರಿ ಹೊರಬರುವಂತಿರಬೇಕು. ಆಳವಾದ ಗೆರೆಗಳುಳ್ಳ ಓಟದ ಬೂಟು, ಹಿಮ್ಮಡಿಯಿಲ್ಲದ ಕ್ಯಾನ್ವಾಸು, ಚಪ್ಪಲಿ ಇವು ಕುದುರೆಯ ಬಳಿಗೇ ಬರಬಾರದು. ಅಂಕವಣಿಯು ಬೂಟಿನ ಇಕ್ಕೆಲಗಳಲ್ಲಿ ಬೆರಳಗಲದಷ್ಟು ತೆರಪು ಬಿಡುವಂತಿರಲಿ. ಇಕ್ಕಟ್ಟಾದರೆ ಕಾಲು ಸಿಕ್ಕುತ್ತದೆ, ತೀರ ಅಗಲವಾದರೆ ಪಾದವೇ ತೂರಿಹೋಗುತ್ತದೆ. ಚಿಕ್ಕ ಮಕ್ಕಳಿಗಾಗಿ ಹೊರಮಗ್ಗುಲಲ್ಲಿ ರಬ್ಬರಿನ ಪಟ್ಟಿಯುಳ್ಳ ಅಂಕವಣಿ ದೊರೆಯುತ್ತದೆ. ಬಿದ್ದಾಗ ಪಟ್ಟಿ ಕಳಚಿ ಕಾಲು ಬಿಡುಗಡೆಯಾಗುತ್ತದೆ. ತರಬೇತಿ ಶಾಲೆಯಲ್ಲಿ ಅದು ಇದೆಯೇ ಎಂದು ಕೇಳಲು ಪೋಷಕರು ಸಂಕೋಚಪಡಬೇಕಾಗಿಲ್ಲ.

ಮೊಣಕಾಲಿನವರೆಗಿನ ಎತ್ತರದ ಬೂಟೇ ಬೇಕೆಂದು ಮಕ್ಕಳು ಹಟ ಹಿಡಿಯುವುದುಂಟು. ಎಳೆಯರ ಸ್ಪರ್ಧೆಗಳಲ್ಲಿ ಗಿಡ್ಡ ಬೂಟೂ ಅದರ ಮೇಲೆ ಮೀನಖಂಡಕ್ಕೆ ಕಟ್ಟುವ ಪಟ್ಟಿಯೂ ಸಾಮಾನ್ಯವಾಗಿ ನಡೆಯುತ್ತವೆ. ವರ್ಷಕ್ಕೊಂದು ಅಳತೆ ಬೆಳೆಯುವ ಕಾಲಿಗೆ ದುಬಾರಿಯ ಬೂಟನ್ನೇಕೆ ಹೊಲಿಸಬೇಕು? ಬೇಕೇ ಬೇಕೆಂದವರಿಗೆ ಕಾನ್ಪುರವಿದೆ. ಅಲ್ಲಿಯ ಹಲ್ಲಣ ಮತ್ತು ಚರ್ಮದ ಸಾಮಾನು ಭೌಗೋಳಿಕ ಸೂಚಕದ ಮಾನ್ಯತೆ ಪಡೆದು ಹೊರದೇಶಗಳಿಗೆ ಹೋಗುತ್ತದೆ.

ಚರ್ಮದ ಮಾತು ಬಂದಾಗ ಕೆಲವು ಸದ್ಭಕ್ತರ ಮನೆಗಳಲ್ಲಿ ಹಿರಿಯರು ಮುಖ ಗಂಟಿಕ್ಕುವುದನ್ನು ಬಲ್ಲೆ. ಸಸ್ಯಾಹಾರದ ಮನೆ, ಪೂಜೆಯ ಮನೆ, ಅಲ್ಲಿ ಮೊಣಕಾಲುದ್ದದ ಚರ್ಮವೆ? ಈಗ ಕೃತಕ ವಸ್ತುವಿನ, ರಬ್ಬರಿನ ಬೂಟುಗಳು ಬೇಕಾದಷ್ಟು ಬಂದಿವೆ. ಕೈಗವಸು, ಹಲ್ಲಣಗಳೂ ಹಾಗೆಯೇ. ತೀರ್ಪುಗಾರರು ನೋಡುವುದು ಬಣ್ಣ, ಶುಚಿ, ಆಕಾರಗಳನ್ನು. ಚರ್ಮವೋ ಅಲ್ಲವೋ ಎಂದು ಯಾರೂ ಮೂಸುವುದಿಲ್ಲ. ಹಿಮ್ಮಡಿ, ಅಟ್ಟೆಗಳು ಸರಿಯಿದ್ದರೆ ರಕ್ಷಣೆಗೂ ಕೊರತೆಯಿಲ್ಲ. ಆದರೆ ಹೇವರಿಕೆಯಿಂದ ಮೂಗು ಮುರಿಯುವವರಿಗೆ ನಾನು ಹೇಳುವುದು ಬೇರೆ. ಹರಳಯ್ಯ ಕಲ್ಯಾಣಮ್ಮ ದಂಪತಿಗಳು ಬಸವಣ್ಣನವರಿಗಾಗಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದರೆಂಬ ಕಥೆಯನ್ನು ಭಕ್ತಿಯಿಂದ ಕೇಳುವ ನಾವು, ಪಾದರಕ್ಷೆ ಹೊಲಿಯುವ ಕಾಯಕವನ್ನು ಕೀಳೆಂದು ಬಗೆಯುವುದಾದರೂ ಹೇಗೆ? ಅಹಿಂಸೆಗಾಗಿ ಚರ್ಮವನ್ನು ಬಿಡುವುದು ಒಂದು. ಹೊಲಿದವನ ಮೇಲಿನ ತಾತ್ಸಾರದಿಂದ ಬಿಡುವುದು ಇನ್ನೊಂದು.

ಕಾಲುಡುಗೆಯ ಚರಿತ್ರೆ ನಮ್ಮ ದೇಶದ್ದೇ. ಜೋಧಪುರದ ಸರ್ ಪ್ರತಾಪ ಸಿಂಗರು 1897ರಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವಕ್ಕೆಂದು ಲಂಡನ್ನಿಗೆ ಹೋದಾಗ ಅವರ ಪರಿವಾರ ತೊಟ್ಟಿದ್ದ, ತೊಡೆಯಲ್ಲಿ ಸಡಿಲವೂ ಮೀನಖಂಡದಲ್ಲಿ ಬಿಗಿಯೂ ಆದ ಉಡುಗೆಯನ್ನು ಕಂಡು ಆಂಗ್ಲರು ಅನುಕರಿಸಿದರು. ಇಂದಿಗೂ ಜಗತ್ತಿನಾದ್ಯಂತ ಅದರ ಹೆಸರು ‘ಜೋಧಪುರ್ಸ್’. ಈಗಿನವು ಎಳೆದರೆ ಹಿಗ್ಗುವ ಬಟ್ಟೆಯವು. ಒಳತೊಡೆಯಲ್ಲಿ, ಮೊಣಕಾಲಿನ ಒಳಮಗ್ಗುಲಲ್ಲಿ ದಪ್ಪ ಹೊಲಿಗೆ ಇರುವುದಿಲ್ಲ. ಜೀನ್ಸು ತೊಟ್ಟು ಎರಡು ಗಂಟೆ ಸವಾರಿ ಮಾಡಿದ ಮಗುವಿನ ಒಳಗಾಲನ್ನು ನೋಡಿದರೆ ಈ ವ್ಯತ್ಯಾಸದ ಅರ್ಥ ತಿಳಿಯುತ್ತದೆ. ಚರ್ಮ ಸುಲಿದು ಕೆಂಪಗೆ ಬೊಬ್ಬೆ ಎದ್ದಿರುತ್ತದೆ. ಸಲ್ವಾರಿನ ನೆರಿಗೆ, ಹಾರಾಡುವ ದುಪಟ್ಟಾ ಹಲ್ಲಣದ ಕೊಕ್ಕೆಗೆ ಸಿಕ್ಕುವುದು ಇನ್ನೂ ಅಪಾಯ. ಬಿಗಿಯಾದ ಕಾಲುಡುಗೆಯಲ್ಲಿ ಮೊಮ್ಮಗಳನ್ನು ನೋಡಲು ಅಜ್ಜಿಯರಿಗೆ ಇರಿಸುಮುರಿಸಾಗಬಹುದು. ಅಂಥವರು ಅಭ್ಯಾಸದ ವೇಳೆ ಸೊಂಟದ ಕೆಳಗಿಳಿಯುವ ಅಂಗಿ ಹೊಲಿಸಿಕೊಡಲಿ, ಸ್ಪರ್ಧೆಯಲ್ಲಿ ಕೋಟು ಹೇಗೂ ಮರೆಮಾಡುತ್ತದೆ. ಸವಾರಿಯನ್ನೇ ಬಿಡಿಸಲು ಅದು ಕಾರಣವಾಗಬಾರದು.

ಕೋಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭುಜದಲ್ಲಿ ಕೈ ಮುಂದಕ್ಕೆ ಚಾಚಲು ಎಡೆಯಿರಬೇಕು, ಹಿಂದೆ ಸೀಳಿರಬೇಕು, ಬಣ್ಣ ಗಂಭೀರವಿರಬೇಕು. ಊರಿನ ಒಳ್ಳೆಯ ದರ್ಜಿ ಮಾದರಿಯೊಂದನ್ನು ಕಂಡರೆ ಹೊಲಿದುಕೊಡುತ್ತಾನೆ. ಶಾಲೆಯಲ್ಲಿ ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಬರುವ ಕೋಟು ಯಾವ ಅವಮಾನವೂ ಅಲ್ಲ. ನಮ್ಮ ಸೆಕೆಯಲ್ಲಿ ಉಣ್ಣೆಯದು ಬೇಡವೇ ಬೇಡ. ತೆಳು ಬಟ್ಟೆಯದಾಗಲಿ, ಒಳಗೆ ಬೆವರು ಹೀರುವ ಹತ್ತಿಯ ಬಿಳಿಯ ಅಂಗಿಯಿರಲಿ. ಬಿಸಿಲು ತೀರ ಹೆಚ್ಚಿದ ದಿನ ಕೋಟಿಲ್ಲದೆ ಸ್ಪರ್ಧಿಸಲು ಸಂಘಟಕರು ಅನುಮತಿ ಕೊಡುವ ಪದ್ಧತಿಯೂ ಉಂಟು. ಶಿರಸ್ತ್ರಾಣಕ್ಕೆ ಅಂಥ ರಿಯಾಯಿತಿ ಇಲ್ಲ.

ಎದೆಕವಚವು ಪಕ್ಕೆಲುಬು, ಬೆನ್ನು, ಒಳಗಿನ ಅಂಗಗಳನ್ನು ಪೆಟ್ಟಿನಿಂದಲೂ ಗೊರಸಿನ ತುಳಿತದಿಂದಲೂ ಕಾಯುವ ದಪ್ಪ ಫೋಮಿನ ತೋಳಿಲ್ಲದ ಅಂಗಿ. ಯುರೋಪಿನ ಇ.ಎನ್. 13158 ಎಂಬ ಮಾನಕದಲ್ಲಿ ಇದಕ್ಕೆ ಮೂರು ದರ್ಜೆಗಳಿವೆ. ಜಿಗಿತಕ್ಕೂ ಕ್ರಾಸ್ ಕಂಟ್ರಿಗೂ ಮೂರನೆಯದನ್ನೇ ಕೊಳ್ಳಬೇಕು. ಮೈಗೆ ಅಂಟಿದಂತೆ ಬಿಗಿಯಿರಬೇಕು, ಉಸಿರಿಗೆ ತೊಡಕಾಗಬಾರದು. ಕುಳಿತಾಗ ಹಿಂಬದಿಯ ಅಂಚು ಹಲ್ಲಣಕ್ಕೆ ತಾಗಿ ಮೇಲಕ್ಕೆ ನೂಕುವಂತಿರಬಾರದು. ಇತ್ತೀಚೆಗೆ ಗಾಳಿಕವಚವೂ ಬಂದಿದೆ. ಅದರ ದಾರವನ್ನು ಹಲ್ಲಣಕ್ಕೆ ಸಿಕ್ಕಿಸಿರುತ್ತಾರೆ. ಸವಾರ ಎಸೆಯಲ್ಪಟ್ಟಾಗ ದಾರ ಸೆಳೆದು, ಚಿಕ್ಕ ಅಂಡೆಯ ಅನಿಲ ನುಗ್ಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಕುತ್ತಿಗೆಯ ಸುತ್ತಲೂ ಬೆನ್ನಿಗೂ ಉಬ್ಬಿಕೊಳ್ಳುತ್ತದೆ. ಕ್ರಾಸ್ ಕಂಟ್ರಿಯಲ್ಲಿ ಅದನ್ನು ಫೋಮಿನ ಕವಚದ ಮೇಲೆ ತೊಡಬೇಕೇ ಹೊರತು ಅದರ ಬದಲಿಗಲ್ಲ. ಇಳಿಯುವ ಮುನ್ನ ದಾರ ಬಿಚ್ಚಲು ಮರೆತರೆ ನಿಂತಲ್ಲಿಯೇ ಢಬ್ಬೆಂದು ಉಬ್ಬಿ ಕುದುರೆಯನ್ನು ಬೆದರಿಸುತ್ತದೆ. ಮಕ್ಕಳಿಗೆ ಈ ಅಭ್ಯಾಸವನ್ನು ಮೊದಲೇ ಮಾಡಿಸಬೇಕು.

ಇಷ್ಟೆಲ್ಲ ಧರಿಸಿದ ಮೇಲೆ ಭಯವಿಲ್ಲವೆಂದು ಯಾರೂ ಭಾವಿಸಕೂಡದು. ಚಲನಚಿತ್ರಗಳಲ್ಲಿ ‘ಸೂಪರ್‌ಮ್ಯಾನ್’ ಆಗಿ ಜಗತ್ಪ್ರಸಿದ್ಧನಾದ ಕ್ರಿಸ್ಟೋಫರ್ ರೀವ್ 1995ರ ಮೇ ತಿಂಗಳಲ್ಲಿ ವರ್ಜೀನಿಯಾ ಪ್ರಾಂತದ ಸ್ಪರ್ಧೆಯೊಂದರಲ್ಲಿ, ಕುದುರೆಯು ಅಡ್ಡಗೋಡೆಯ ಮುಂದೆ ಥಟ್ಟನೆ ನಿಂತಾಗ ತಲೆಕೆಳಗಾಗಿ ಬಿದ್ದನು. ಶಿರಸ್ತ್ರಾಣವೂ ಇತ್ತು, ಎದೆಕವಚವೂ ಇತ್ತು. ಮಿದುಳು ಉಳಿಯಿತು, ಕುತ್ತಿಗೆಯ ಮೇಲಿನ ಎಲುಬು ಮುರಿದು ಕೊರಳಿನಿಂದ ಕೆಳಗೆ ದೇಹ ಸ್ತಬ್ಧವಾಯಿತು. ಮುಂದೆ 9 ವರ್ಷ ಗಾಲಿಕುರ್ಚಿಯಲ್ಲಿ ಬದುಕಿ 2004ರಲ್ಲಿ ತೀರಿಕೊಂಡನು. ಕವಚಕ್ಕೆ ಮಿತಿಯಿದೆ. ಆ ಮಿತಿಯಾಚೆ ಕಾಯುವುದು ಮಗುವಿನ ಅನುಭವಕ್ಕೆ ತಕ್ಕ ಕುದುರೆ, ತಕ್ಕ ಎತ್ತರದ ಅಡೆ, ‘ಇಂದು ಬೇಡ’ ಎಂದು ಹೇಳಬಲ್ಲ ಗುರು. ಬಹುಮಾನದ ಆಸೆಗೆ ಗುರುವನ್ನು ಒತ್ತಾಯಿಸುವ ತಂದೆತಾಯಿಗಳನ್ನು ಕಂಡಾಗ ನನಗೆ ಕುದುರೆಗಿಂತ ಅವರ ಭಯವೇ ಹೆಚ್ಚು. ಬಿದ್ದು ತಲೆಗೆ ಪೆಟ್ಟಾದ ಮಗು ‘ಏನಾಗಿಲ್ಲ’ ಎಂದರೂ ಅದೇ ದಿನ ಮತ್ತೆ ಏರಿಸಬಾರದು. ವಾಂತಿ, ಮಂಪರು, ಹೆಚ್ಚುತ್ತಿರುವ ತಲೆನೋವು, ಮಾತಿನ ಗೊಂದಲ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಇನ್ನು ಒಡವೆ. ಉಂಗುರ ವಾಘೆಗೆ ಸಿಕ್ಕಿ ಬೆರಳನ್ನು ಸೀಳುತ್ತದೆ, ಗಾಜಿನ ಬಳೆ ಒಡೆದು ಮಣಿಕಟ್ಟಿಗೆ ಚುಚ್ಚುತ್ತದೆ, ತೂಗುವ ಓಲೆ ಕಿವಿಯನ್ನು ಹರಿಯುತ್ತದೆ. ಇವನ್ನೆಲ್ಲ ಮನೆಯಲ್ಲಿಯೇ ಬಿಟ್ಟು ಹೋಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇಷ್ಟಲಿಂಗ ಒಡವೆಯಲ್ಲ, ಅಂಗದಿಂದ ಅಗಲಿಸುವಂತಿಲ್ಲ. ‘ಕೊರಳಲ್ಲಿರುವುದನ್ನೆಲ್ಲ ತೆಗೆ’ ಎಂದು ತರಬೇತುದಾರ ಹೇಳಿದಾಗ ಮಗು ಏನು ಮಾಡಬೇಕು? ಬೆಳ್ಳಿಯ ಕರಡಿಗೆಯು ಎದೆಯ ನಡುವೆ ತೂಗುತ್ತಿದ್ದರೆ, ಮುಮ್ಮುಖವಾಗಿ ಬಿದ್ದಾಗ ಕವಚದಡಿಯಲ್ಲಿ ಎದೆಯೆಲುಬಿಗೆ ಒತ್ತುವುದು ನಿಜ. ಗಟ್ಟಿ ದಾರ ಎಲ್ಲಿಯಾದರೂ ಸಿಕ್ಕಿದರೆ ಕೊರಳಿಗೆ ಉರುಳಾಗುವುದೂ ನಿಜ. ಧಾರಣೆಗೆ ಕರಡಿಗೆಯೇ ಬೇಕೆಂಬ ನಿರ್ಬಂಧವಿಲ್ಲ. ಲೋಹದ ಕರಡಿಗೆಯನ್ನು ಬಿಟ್ಟು ಮೆತ್ತನೆಯ ದಪ್ಪ ವಸ್ತ್ರದಲ್ಲಿ ಸುತ್ತಿ, ನಾಭಿಯ ಮೇಲ್ಭಾಗದಲ್ಲಿ, ಎದೆಯೆಲುಬಿನ ನಡುವನ್ನು ಬಿಟ್ಟು ಮಗ್ಗುಲಿಗೆ, ತೂಗಾಡದಂತೆ ಮೈಗೆ ಕಟ್ಟಿಕೊಳ್ಳುವುದು ನನಗೆ ಸರಿಯೆನಿಸುತ್ತದೆ. ಶಿವದಾರವೂ ಎಳೆದರೆ ಹರಿಯುವ ತೆಳುವಾದ ಹತ್ತಿಯ ನೂಲಿನದಾಗಿರಲಿ. ತಮ್ಮ ಮನೆಯ ಗುರುಗಳನ್ನು ಒಂದು ಮಾತು ಕೇಳಿ, ತರಬೇತುದಾರರಿಗೂ ಮುಂಚಿತವಾಗಿ ತಿಳಿಸಿದರೆ ಮೈದಾನದಲ್ಲಿ ಮಗುವಿಗೆ ಇಕ್ಕಟ್ಟಾಗದು.

ಕೊಳ್ಳುವ ಕ್ರಮವನ್ನು ಕೇಳುವವರಿಗೆ ನಾನು ಹೇಳುವುದಿಷ್ಟೆ. ಸವಾರಿ ಕಲಿಯಲು ಸೇರಿದ ದಿನವೇ ಶಿರಸ್ತ್ರಾಣ ಮತ್ತು ಹಿಮ್ಮಡಿಯ ಬೂಟು. ಅಡೆಗಳನ್ನು ಹಾರಲು ತೊಡಗಿದಾಗ ಎದೆಕವಚ. ಕಾಲುಡುಗೆ, ಕೈಗವಸುಗಳು ಅಭ್ಯಾಸ ಗಟ್ಟಿಯಾದ ಮೇಲೆ. ಕೋಟು, ಟೈಗಳು ಸ್ಪರ್ಧೆಯ ಪ್ರವೇಶಪತ್ರ ಕೈಗೆ ಬಂದ ಮೇಲೆ, ಅದರ ನಿಯಮ ಓದಿ. ಹೊಸದನ್ನು ಯಾವುದನ್ನೂ ಸ್ಪರ್ಧೆಯ ದಿನ ಮೊದಲ ಬಾರಿಗೆ ತೊಡಿಸಬಾರದು. ಕಚ್ಚುವ ಬೂಟು, ಜಾರುವ ಕೈಗವಸು ಅಂದೇ ತಿಳಿದರೆ ಪ್ರಯೋಜನವೇನು? ಏರುವ ಮುನ್ನ ಕುದುರೆಯ ತೊಡುಗೆಯನ್ನೂ ಸವಾರನೇ ಮುಟ್ಟಿ ನೋಡಬೇಕು: ಹೊಟ್ಟೆಪಟ್ಟಿಯ ಬಿಗಿ, ಅಂಕವಣಿಯ ಪಟ್ಟಿಯ ಹೊಲಿಗೆ, ವಾಘೆಯ ಸವೆತ. ಹೊಲಿಗೆ ಬಿಟ್ಟ ಒಂದು ಪಟ್ಟಿಯ ಮುಂದೆ ಯಾವ ಎದೆಕವಚವೂ ನಿಲ್ಲದು.

ರಜೆಗೆ ಊರಿಗೆ ಬಂದ ಮಕ್ಕಳು ಈ ಸಾಮಾನನ್ನೂ ತರುತ್ತಾರೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಕಪಾಟಿನೊಳಗಿನ ಚರ್ಮಕ್ಕೆ ನಾಲ್ಕು ದಿನದಲ್ಲಿ ಬೂಸರು ಹಿಡಿಯುತ್ತದೆ. ಬೂಟನ್ನು ಒದ್ದೆಯಾದಾಗ ಒಲೆಯ ಬಳಿ ಇಟ್ಟರೆ ಚರ್ಮ ಬಿರಿಯುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ, ಆಮೇಲೆ ಹಲ್ಲಣದ ಸಾಬೂನು ಅಥವಾ ಚರ್ಮದ ಮುಲಾಮು ಸವರಬೇಕು. ಶಿರಸ್ತ್ರಾಣವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಹತ್ತಿಯ ಚೀಲದಲ್ಲಿ ತೂಗುಹಾಕಬೇಕು. ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ, ತಗಡಿನ ಮಾಡಿನಡಿಯ ಅಟ್ಟದಲ್ಲಿ ಇಟ್ಟರೆ ಫೋಮು ಕಾಯ್ದು ಸೊರಗುತ್ತದೆ. ಅದಕ್ಕೆ ಬಣ್ಣ ಬಳಿಯುವುದು, ಚಿತ್ರ ಅಂಟಿಸುವುದು, ಸೀಮೆಎಣ್ಣೆಯಲ್ಲಿ ಒರೆಸುವುದು ಬೇಡ, ಚಿಪ್ಪು ಮೆದುವಾಗುತ್ತದೆ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ಬಿಸಿಲು ಇಣುಕಿದ ದಿನ ಎಲ್ಲವನ್ನೂ ಜಗಲಿಗೆ ತಂದು ನೆರಳಿನಲ್ಲಿ ಹರವಿ, ಹೊಲಿಗೆ ಮತ್ತು ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿ ಒಳಗಿಡಬೇಕು.